ಓದಿ ಹೇಳಿ ಒತ್ತಿಸಿದ್ದು

"ಇದು ಯಾರ ಬರವಣಿಗೆ? ಒಸಿ ನೋಡಿ ಯೋಳವ್ವ, ಊರಿಗೆಲ್ಲಾ ಲಾಯರಮ್ಮ ನೀನು," ಎಂದು ಸ್ವಾಮಿ ಜೆರಾಕ್ಸ್ ಹಾಳೆಗಳ ಕಟ್ಟನ್ನು ಜಗಲಿಯ ಮೇಲೆ ಎಸೆದ.

ಮರಿ ರೇಷ್ಮೆ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದ ಭಾನುಪ್ರಿಯ ಕತ್ತಿ ಕೆಳಗಿಟ್ಟಳು. ಸ್ವಾಮಿ ಎರಡು ಮನೆ ಆಚೆಯವನು, ವರಸೆಯಲ್ಲಿ ಅಣ್ಣ, ಬಿಡದಿಯ ಕಾರ್ಖಾನೆಯೊಂದರಲ್ಲಿ ಕೆಲಸ. ಲಾಯರಮ್ಮ ಎಂದು ರೇಗಿಸುವುದು ಅವನ ಹಳೆಯ ಚಾಳಿ. ಈ ದಿನ ಮಾತ್ರ ದನಿಯಲ್ಲಿ ತಮಾಷೆ ಇರಲಿಲ್ಲ. ಪಾಳಿಗೆ ರಜೆ ಹಾಕಿ ಭೂಸ್ವಾಧೀನದ ಆಫೀಸಿಗೆ ಹೋಗಿ ಬಂದಿದ್ದ.

ಮೇಲಿದ್ದ ಹಾಳೆ ಅವಳ ಅಜ್ಜಿ ಬೋರಮ್ಮನದೇ. ಟೈಪು ಮಾಡಿದ ನಾಲ್ಕೈದು ಸಾಲು. 'ಸದರಿ ಜಮೀನನ್ನು ಕೈಗಾರಿಕೆಗೆ ಬಿಟ್ಟುಕೊಡಲು ನನ್ನ ಸಂಪೂರ್ಣ ಒಪ್ಪಿಗೆ ಇರುತ್ತದೆ. ಈ ಬಗ್ಗೆ ನನ್ನದು ಯಾವ ತಕರಾರೂ ಇರುವುದಿಲ್ಲ.' ಕೆಳಗೆ ಹೆಬ್ಬೆಟ್ಟು. ಅದರ ಪಕ್ಕದಲ್ಲಿ ಮುತ್ತು ಪೋಣಿಸಿದಂಥ ದುಂಡಕ್ಷರ: 'ಬೋರಮ್ಮನ ಎಡಗೈ ಹೆಬ್ಬೆಟ್ಟಿನ ಗುರುತು. ಮೇಲ್ಕಂಡ ವಿಷಯವನ್ನು ಓದಿ ಹೇಳಿ ಒತ್ತಿಸಿದ್ದು. ಸಾಕ್ಷಿ: ಬಿ. ಭಾನುಪ್ರಿಯ, ಅಂತಿಮ ಬಿ.ಎ.'

ಹದಿನಾಲ್ಕು ಮನೆ, ಹದಿನಾಲ್ಕು ಹಾಳೆ. ಎಲ್ಲದರಲ್ಲೂ ಅದೇ ದುಂಡಕ್ಷರ.

"ಇದನ್ನ ನಾನ್ ಬರ್ದಾಗ ಮ್ಯಾಲೆ ಏನೂ ಇರ್ಲಿಲ್ಲ ಕಣಣ್ಣ," ಎಂದಳು. "ಖಾಲಿ ಹಾಳೆ."

"ಖಾಲಿ ಹಾಳೇನಾ ಓದಿ ಯೋಳ್ದಾ ನೀನು?"

ಭಾನುಪ್ರಿಯ ಹಾಳೆಗಳನ್ನು ಒಂದೊಂದಾಗಿ ಮಗುಚಿದಳು.

ರಾಮನಗರದ ಕೋರ್ಟಿನ ಹಿಂದಿನ ಬೀದಿಯಲ್ಲಿ ಅಶ್ವಥ್ ಲಾಯರ ಆಫೀಸು. ಡಿಗ್ರಿ ಮುಗಿಸಿ ಲಾ ಓದಬೇಕೆನ್ನುವ ಹಳ್ಳಿ ಮಕ್ಕಳಿಗೆ ಆತ ಪ್ರತಿ ಭಾನುವಾರ ಪುಕ್ಕಟೆ ಪಾಠ ಹೇಳುತ್ತಿದ್ದರು. ಮೊದಲು ಏಳು ಜನ ಸೇರಿದರು. ದಸರಾ ಹೊತ್ತಿಗೆ ಉಳಿದವರು ಇಬ್ಬರೇ, ಭಾನು ಮತ್ತು ನೂಲು ತೆಗೆಯುವ ರೀಲಿಂಗ್ ಮನೆಯ ವಾಸಿಂ. ಇಂಗ್ಲಿಷ್ ಪೇಪರಿನ ಕೋರ್ಟ್ ಸುದ್ದಿಯನ್ನು ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳಬೇಕು, ಹಳೆಯ ಫೈಲು ಬಿಚ್ಚಿ ಜಗಳ ಎಲ್ಲಿ ಹುಟ್ಟಿತೆಂದು ಒಂದೇ ವಾಕ್ಯದಲ್ಲಿ ಬರೆಯಬೇಕು, ವಾಯಿದೆ ಪುಸ್ತಕ ತುಂಬಬೇಕು, ದಬ್ಬಳದಲ್ಲಿ ಫೈಲು ಹೊಲಿಯಬೇಕು. "ಲಾ ಕಾಲೇಜು ಬಾಗ್ಲು ತೆಗೆಯೋ ಹೊತ್ತಿಗೆ ನಿಮ್ಮ ಕೈ ಪಳಗಿರಬೇಕು," ಎನ್ನುತ್ತಿದ್ದರು. ಯಾವ ಕಾಲೇಜಿಗೆ ಯಾವಾಗ ಅರ್ಜಿ, ಯಾವ ಹಾಸ್ಟೆಲಿನಲ್ಲಿ ಹುಡುಗಿಯರಿಗೆ ಜಾಗ, ಎಲ್ಲವೂ ಅವರ ಬಾಯಲ್ಲೇ ಇತ್ತು. ತಾವು ಓದಿದ ಕರಾರು ಕಾಯ್ದೆಯ ಪುಸ್ತಕವನ್ನೇ ಭಾನುವಿಗೆ ಕೊಟ್ಟಿದ್ದರು. ಒಪ್ಪಿಗೆ ಎಂದರೇನು ಎಂದು ಹೇಳುವ ಪುಟಕ್ಕೆ ಕೆಂಪು ಗೆರೆ ಹೊಡೆದು, "ಹೆದರಿಸಿ ತಗೊಂಡಿದ್ದು ಒಪ್ಪಿಗೆ ಅಲ್ಲ, ಏಮಾರಿಸಿ ತಗೊಂಡಿದ್ದೂ ಅಲ್ಲ. ಇದೊಂದು ತಲೇಲಿಟ್ಕೋ, ಅರ್ಧ ಲಾಯರ್ ಆದೆ," ಎಂದಿದ್ದರು. ಹೆತ್ತವರನ್ನು ಕಾಣದೆ ಅಜ್ಜಿಯ ಮಡಿಲಲ್ಲಿ ಬೆಳೆದ ಹುಡುಗಿ. ದೊಡ್ಡವರೊಬ್ಬರು ತನ್ನನ್ನು ಎದುರು ಕೂರಿಸಿಕೊಂಡು ಇಷ್ಟು ಹೇಳುತ್ತಾರಲ್ಲ ಎಂದು ಕರಗಿಹೋಗಿದ್ದಳು.

ಊರಿನ ಜಮೀನಿಗೆ ಕೈಗಾರಿಕೆಯ ನೋಟೀಸು ಬಂದಾಗ ಹದಿನಾಲ್ಕು ಮನೆಯವರನ್ನೂ ಅವರ ಬಳಿಗೆ ಕರೆದುಕೊಂಡು ಹೋದವಳು ಅವಳೇ. "ತಕರಾರು ಹಾಕೋಣ, ನಿಮ್ಮ ಭಾನೂನೇ ಬರೀಲಿ," ಎಂದರು ಅಶ್ವಥ್. ಬರೆದಳು. ಊರಲ್ಲಿ ಅವಳ ತಲೆ ಒಂದು ಗೇಣು ಮೇಲೆದ್ದಿತು. ಒಂದು ಭಾನುವಾರ ಅಶ್ವಥ್ ಏನೋ ಬರೆಯುತ್ತಲೇ ಕೇಳಿದರು: "ನಿಮ್ಮೂರಲ್ಲಿ ಹುಳ ಎಲ್ಲಿಗೆ ಬಂದವೆ ಭಾನು?"

"ನಾಲ್ಕನೇ ಜ್ವರ ಎದ್ದು, ಕೊನೇ ಪೊರೆ ಬುಟ್ಟು ಮೂರು ದಿನ ಆಯ್ತು ಸಾರ್. ಗುರುವಾರಕ್ಕೆ ಹಣ್ಣಾಯ್ತವೆ."

"ಅಯ್ಯೋ, ಗುರುವಾರವೇ ವಿಚಾರಣೆ ಇಟ್ಬುಟ್ಟವ್ರಲ್ಲಮ್ಮ!"

ಹುಳು ಹಣ್ಣಾಗುವ ದಿನ ಸತ್ತ ಮನೆಗೂ ಯಾರೂ ಹೋಗುವುದಿಲ್ಲ. ಮೈ ಹಳದಿಗೆ ತಿರುಗಿದ ಹುಳುವನ್ನು ಒಂದೊಂದಾಗಿ ಆಯ್ದು, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ತಟ್ಟೆಯಲ್ಲೇ ನೂಲು ಬಿಟ್ಟು ಹಾಳಾಗುತ್ತವೆ. ಇದು ಅಶ್ವಥ್‌ಗೆ ಗೊತ್ತಿಲ್ಲದ್ದಲ್ಲ, ಅವರೂ ಹುಳುವಿನ ಮನೆಯಲ್ಲೇ ಹುಟ್ಟಿದವರು. "ಯಾರೂ ಬರೋದು ಬೇಡ. ಖಾಲಿ ಹಾಳೇಲಿ ಹೆಬ್ಬೆಟ್ಟು ಒತ್ತಿಸ್ಕೊಂಡು ಬಾ, ಪಕ್ಕದಲ್ಲಿ ಷರಾ ಬರಿ. ಜನ ಬರಕ್ಕಾಗಲ್ಲ, ಬೇರೆ ದಿನ ಕೊಡಿ ಅಂತ ಮೇಲ್ಗಡೆ ನಾನು ಟೈಪ್ ಮಾಡಿಸ್ತೀನಿ," ಎಂದರು.

ಗುರುವಾರ ಬೆಳಿಗ್ಗೆ ಮನೆಮನೆ ತಿರುಗಿದಳು. ಎಲ್ಲರ ಕೈಯಲ್ಲೂ ಹುಳು. ತಟ್ಟೆಯಿಂದ ಕಣ್ಣು ಕೀಳದೆ ಎಡಗೈ ಚಾಚಿದರು, ಅವಳು ಹೆಬ್ಬೆಟ್ಟು ಹಿಡಿದು ಇಂಕಿಗೆ ಒತ್ತಿ, ಹಾಳೆಗೆ ಒತ್ತಿ, ಸೆರಗಿನಲ್ಲಿ ಒರೆಸಿ ಬಿಟ್ಟಳು. ಏನು ಎತ್ತ ಎಂದು ಒಬ್ಬರೂ ಕೇಳಲಿಲ್ಲ. ಓದಿದ ಮಗಳು ಮನೆಯೊಳಗೇ ಇರುವಾಗ ಕೇಳುವುದೇನು ಬಂತು?

"ಆ ಗುರುವಾರ ವಿಚಾರಣೇನೇ ಇರ್ಲಿಲ್ವಂತೆ," ಎಂದ ಸ್ವಾಮಿ. "ರಿಜಿಸ್ಟರ್ ನೋಡ್ದೆ. ಇದ್ದದ್ದು ಹನ್ನೆರಡು ದಿನ ಬುಟ್ಟು. ಆವತ್ತು ನಿನ್ ಲಾಯರು ಈ ಹಾಳೆಗಳ್ನ ಕೊಟ್ಟು, ಎಲ್ಲಾರೂ ಒಪ್ಪವ್ರೆ ಅಂದ್ನಂತೆ. ಜಮೀನು ಕೂಡ್ಸೋ ದಲ್ಲಾಳಿ ಜೊತೆ ಒಂದೇ ಕಾರಲ್ಲಿ ಬಂದಿದ್ನಂತೆ."

ಭಾನುಪ್ರಿಯ ಚೀಲಕ್ಕೆ ಕರಾರು ಕಾಯ್ದೆಯ ಪುಸ್ತಕ ತುರುಕಿಕೊಂಡು ರಸ್ತೆಗೆ ಓಡಿದಳು.

ಅಶ್ವಥ್ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಅವಳ ಮುಖ ನೋಡಿದ ಕೂಡಲೇ ವಿಷಯ ತಿಳಿಯಿತು. ಕೂಗಾಡಲಿಲ್ಲ, ತಡವರಿಸಲೂ ಇಲ್ಲ. ಡ್ರಾಯರಿನಿಂದ ಒಂದು ಕವರು ತೆಗೆದು ಮೇಜಿನ ಮೇಲಿಟ್ಟರು.

"ಲಾ ಕಾಲೇಜಿಗೆ ನಿನ್ನ ಬಗ್ಗೆ ಪತ್ರ ಬರೆದಿಟ್ಟಿದೀನಿ. ಪ್ರಿನ್ಸಿಪಾಲರು ನನ್ನ ಕ್ಲಾಸ್‌ಮೇಟು. ಸೀಟು, ಹಾಸ್ಟೆಲ್ಲು ಎರಡೂ ಆದಂಗೇ."

"ನಮ್ಮಜ್ಜಿ ಜಮೀನು ಸಾರ್."

"ಹೆಂಗಿದ್ರೂ ಹೋಗೋ ಜಮೀನು ಕಣಮ್ಮ. ವರ್ಷಗಟ್ಲೆ ಅಲೆದು ಕಳ್ಕೊಳೋ ಬದ್ಲು ಈಗ್ಲೇ ಹೋಗ್ಲಿ ಅಂದೆ. ಅವ್ರಿಗೆ ಅರ್ಥ ಆಗಲ್ಲ. ನಿಂಗಾದ್ರೂ ಆಗ್ಬೇಕು."

"ಗುರುವಾರ ವಿಚಾರಣೆ ಅಂದ್ರಲ್ಲ. ಹುಳ ಎಲ್ಲಿಗೆ ಬಂದವೆ ಅಂತ ನನ್ನೇ ಕೇಳಿದ್ರಲ್ಲ ಸಾರ್!" ಅವಳ ದನಿ ಸೀಳಿತು. ಆ ಭಾನುವಾರ ಆತ ತಲೆ ಎತ್ತದೆ ಕೇಳಿದ್ದು ಕಣ್ಣಿಗೆ ಕಟ್ಟಿ, ಥೂ ಎಂದು ಉಗಿಯುವಷ್ಟು ಅಸಹ್ಯವಾಯಿತು. ಎರಡು ವರ್ಷ ಇವರನ್ನು ಮನಸ್ಸಿನಲ್ಲಿ ಅಪ್ಪನ ಜಾಗದಲ್ಲಿ ಕೂರಿಸಿದ್ದಳಲ್ಲ! "ಕಂಪ್ಲೇಂಟ್ ಕೊಡ್ತೀನಿ. ಖಾಲಿ ಹಾಳೆ ಅಂತ ಬರ್ಕೊಡ್ತೀನಿ."

ಅಶ್ವಥ್ ಎಲೆಗೆ ಸುಣ್ಣ ಸವರಿದರು. "ಕೊಡು. ಓದಿ ಹೇಳಿದೀನಿ ಅಂತ ಹದಿನಾಲ್ಕು ಕಡೆ ಬರ್ದು ರುಜು ಹಾಕಿರೋಳು ನೀನು, ನಾನಲ್ಲ. ಸುಳ್ಳು ಸಾಕ್ಷಿ ಹಾಕಿದೆ ಅಂತ ಒಪ್ಕೊಂಡೋಳಿಗೆ ನಾಳೆ ವಕೀಲಿಕೆ ಸನ್ನದು ಯಾರು ಕೊಡ್ತಾರೆ? ಅಲ್ಲಿಗೆ ಮುಗೀತು ನಿನ್ನ ಲಾ. ಒಸಿ ನಿಧಾನವಾಗಿ ಯೋಚ್ನೆ ಮಾಡಮ್ಮ, ಬುದ್ಧಿವಂತೆ ನೀನು."

ಭಾನುಪ್ರಿಯ ಕವರನ್ನು ನೋಡಿದಳು. ಮೇಲೆ ಅವಳ ಹೆಸರನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿತ್ತು, ಹೆಸರಿಗೆ ಮೊದಲು 'ಮಿಸ್' ಎಂದೂ ಇತ್ತು. ಸುಳ್ಳೇಕೆ, ಆಸೆಯಾಯಿತು. ಕೈ ಅರ್ಧ ಮುಂದೆ ಹೋಯಿತು. ಆ ಕೈಯಲ್ಲೇ ಪುಸ್ತಕ ತೆಗೆದು ಕವರಿನ ಮೇಲಿಟ್ಟು ಹೊರಗೆ ಬಂದಳು. ಮೆಟ್ಟಿಲಿಳಿಯುವಾಗ ಅಳು ಬಂತು, ಬಸ್ಸಿನಲ್ಲಿ ಊರು ಬರುವವರೆಗೂ ನಿಲ್ಲಲಿಲ್ಲ.

ಇಡೀ ಒಂದು ದಿನ ಕೂತು ಬರೆದಳು. ಖಾಲಿ ಹಾಳೆಗಳಿಗೆ ಹೆಬ್ಬೆಟ್ಟು ಒತ್ತಿಸಿದವಳು ತಾನೇ, ಏನನ್ನೂ ಓದಿ ಹೇಳಿಲ್ಲ, ಬರೆದ ಷರಾ ಸುಳ್ಳು, ಈ ಜನ ಒಪ್ಪಿಗೆ ಕೊಟ್ಟಿಲ್ಲ. ಕೊನೆಗೆ ತನ್ನ ರುಜು. ಅರ್ಥವೇನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ತುಂಬಿಟ್ಟಿದ್ದ ಲಾ ಕಾಲೇಜಿನ ಅರ್ಜಿ ಟ್ರಂಕಿನ ತಳದಲ್ಲಿತ್ತು, ಅದನ್ನು ತೆಗೆದು ನೋಡಲು ಹೋಗಲಿಲ್ಲ. ಜೊತೆಗೆ ಮನೆಗೊಂದರಂತೆ ಹೊಸ ತಕರಾರು. ಮೊದಲು ಅಜ್ಜಿಯದು.

ಬೋರಮ್ಮ ಈ ಎರಡು ದಿನವೂ ಬೈದಿರಲಿಲ್ಲ. ಊರವರು ಬಾಗಿಲಿಗೆ ಬಂದು ಬಾಯಿಗೆ ಬಂದಂತೆ ಆಡಿದಾಗ, "ಕೂಸು, ಗೊತ್ತಾಗ್ದೆ ಮಾಡ್ಬುಟ್ಟದೆ, ಓಗ್ರಪ್ಪ," ಎಂದು ಕಳಿಸಿದ್ದಳು. ಮುದ್ದೆಗೆ ಸಾರು ಬಡಿಸುತ್ತಾ, "ಉಣ್ಣವ್ವ, ಉಪಾಸ ಕುಂತ್ರೆ ಬಂದದಾ ಜಮೀನು," ಎಂದಿದ್ದಳು. ಅಷ್ಟೇ ಸಾಕಾಗಿತ್ತು ಭಾನುವಿಗೆ. ಎಲ್ಲ ಹೋದರೂ ಇದೊಂದು ಉಳಿಯಿತಲ್ಲ ಎಂದುಕೊಂಡಿದ್ದಳು.

ಮಧ್ಯಾಹ್ನ ಜಗಲಿಯಲ್ಲಿ ಅಜ್ಜಿಯ ಮುಂದೆ ಕೂತು ಹಾಳೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಸರ್ವೆ ನಂಬರು, ಚಕ್ಕುಬಂದಿ, ಒಂದನ್ನೂ ಬಿಡಲಿಲ್ಲ. ಬೋರಮ್ಮ ಕಣ್ಣು ಮುಚ್ಚಿ ಕೇಳಿದಳು. ಭಾನು ಇಂಕ್ ಪ್ಯಾಡಿನ ಮುಚ್ಚಳ ತೆಗೆದು, "ಕೈ ಕೊಡಜ್ಜಿ," ಎಂದಳು.

ಬೋರಮ್ಮ ಎಡಗೈ ಹೆಬ್ಬೆರಳನ್ನು ಸೆರಗಿನಲ್ಲಿ ಒರೆಸಿಕೊಂಡಳು. ಒರೆಸಿಕೊಂಡು ಕೈಯನ್ನು ಮಡಿಲಲ್ಲೇ ಇಟ್ಟುಕೊಂಡಳು.

"ಸ್ವಾಮಿ ಪಾಳಿ ಮುಗ್ಸ್ಕೊಂಡು ಬರ್ಲಿ ಮಗ," ಎಂದಳು, ಸಾರಿಗೆ ಉಪ್ಪು ಸಾಕಾ ಎಂದು ಕೇಳುವಷ್ಟು ಮೆತ್ತಗೆ. "ಅವ್ನೂ ಒಂದ್ಸಲ ಓದ್ಲಿ. ಆಮ್ಯಾಕೆ ಒತ್ತೀನಿ."

ಭಾನುಪ್ರಿಯ ಹಾಳೆಯನ್ನು ನೋಡಿದಳು, ಅಜ್ಜಿಯನ್ನು ನೋಡಿದಳು.

"ಆಗ್ಲಿ ಕಣಜ್ಜಿ," ಎಂದಳು.

ಕಾರ್ಖಾನೆಯ ಬಸ್ಸು ಬರುವುದಕ್ಕೆ ಇನ್ನೂ ಎರಡು ಗಂಟೆ ಇತ್ತು. ಬೋರಮ್ಮ ಸೊಪ್ಪಿನ ಮಂಕರಿ ಎಳೆದುಕೊಂಡಳು. ಇಂಕು ಒಣಗದಿರಲೆಂದು ಭಾನು ಪ್ಯಾಡಿನ ಮುಚ್ಚಳ ಹಾಕಿ, ಗಾಳಿಗೆ ಹಾರದಂತೆ ಅದನ್ನು ಹಾಳೆಯ ಮೇಲಿಟ್ಟು, ರಸ್ತೆಯ ಕಡೆ ಮುಖ ಮಾಡಿ ಕೂತಳು.