ತಂತಿಯವರ ದಾರಿ

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಮೂರನೆಯ ಅಂಗಡಿ ಟೈಲರ್ ಅಕ್ಕನದು. ಬಟ್ಟೆ ಹೊಲಿಯುವುದನ್ನು ಅವಳು ಬಿಟ್ಟು ಇಪ್ಪತ್ತೇಳು ವರ್ಷವಾಗಿತ್ತು. ಊರಿನಾಚೆ ಶುರುವಾಗಿ ಬೆಟ್ಟಸಾಲಿನ ಉದ್ದಕ್ಕೂ ಸಾಗುವ ಆರು ದಿನದ ಕಾಲುದಾರಿ ಹೆಸರುವಾಸಿ. ಅದನ್ನು ನಡೆಯಲು ಬರುವವರ ಬೆನ್ನುಚೀಲ, ಡೇರೆ, ಪಟ್ಟಿಗಳನ್ನು ರಿಪೇರಿ ಮಾಡುವುದೇ ಅವಳ ಕಸುಬು. ಕಿತ್ತುಹೋದ ಜಿಪ್ ನೋಡಿದರೆ ಸಾಕು, ಆ ಚೀಲದವನು ಎಷ್ಟನೆಯ ದಿನಕ್ಕೆ ಸೋತು ವಾಪಸಾದ ಎಂದು ಹೇಳಬಲ್ಲಳು. ಅವಳು ಮಾತ್ರ ಆ ದಾರಿಯ ಮೊದಲ ಕಲ್ಲನ್ನೂ ದಾಟಿದವಳಲ್ಲ. ಮಕ್ಕಳ ಓದು, ಅತ್ತೆಯ ಕಾಯಿಲೆ, ಆಮೇಲೆ ಗಂಡನ ಕಣ್ಣಿನ ಆಪರೇಷನ್ ಎಂದು ಒಂದಲ್ಲ ಒಂದು ಕಾಲಿಗೆ ತೊಡರಿಕೊಳ್ಳುತ್ತಿತ್ತು. ಐವತ್ತೆಂಟು ತುಂಬಿದ ವಾರ ಅವಳು ಮೆಷಿನ್ನಿಗೆ ಹೊದಿಕೆ ಹಾಕಿ, ಬಾಗಿಲಿಗೆ ‘ಎಂಟು ದಿನ ರಜೆ’ ಎಂದು ಚೀಟಿ ಅಂಟಿಸಿದಳು.

ಜೊತೆಗೆ ಬರುವೆನೆಂದವನು ತಮ್ಮ. ವಿದ್ಯುತ್ ಕಚೇರಿಯ ದೂರು ವಿಭಾಗದಲ್ಲಿ ದಿನವಿಡೀ ಫೋನಿಗೆ ಉತ್ತರ ಕೊಡುವ ಕೆಲಸ ಅವನದು. ಆ ಕೆಲಸದಲ್ಲೇ ಮಾತೆಲ್ಲ ಖರ್ಚಾಗುತ್ತಿತ್ತೋ ಏನೋ, ಮನೆಯಲ್ಲಿ ಹತ್ತು ಮಾತಿಗೆ ಒಂದು ಮಾತು ಆಡಿದರೆ ಹೆಚ್ಚು.

ಮೊದಲ ದಿನವೇ ಅಕ್ಕನ ಉತ್ಸಾಹಕ್ಕೆ ತಣ್ಣೀರು ಬಿತ್ತು. ದಾರಿಯಲ್ಲಿ ಎಳ್ಳು ಚೆಲ್ಲಿದರೆ ನೆಲಕ್ಕೆ ಬೀಳದಷ್ಟು ಜನ. ಕಬ್ಬಿಣದ ಏಣಿಯ ಹತ್ತಿರ ಎರಡು ಗಂಟೆ ಸಾಲಿನಲ್ಲಿ ನಿಂತರು. ಉಳಿದ ಹೊತ್ತೆಲ್ಲ ಅವಳ ಕಣ್ಣಿಗೆ ಬಿದ್ದದ್ದು ಮುಂದೆ ಹೋಗುವವರ ಚೀಲಗಳೇ. ಅವುಗಳಲ್ಲಿ ನಾಲ್ಕಂತೂ ಅವಳೇ ಹೊಲಿದುಕೊಟ್ಟವು. ತಂಗುಮನೆಯಲ್ಲಿ ಮಂಚಗಳೆಲ್ಲ ಭರ್ತಿಯಾಗಿ, ಊಟದ ಕೋಣೆಯ ಬೆಂಚಿನ ಮೇಲೆ ಕೂತೇ ತೂಕಡಿಸಬೇಕಾಯಿತು. ಬೆಳಿಗ್ಗೆ ಟೀಗೂ ಸಾಲು, ಕಕ್ಕಸಿಗೂ ಸಾಲು. ಇದಕ್ಕಿಂತ ನಮ್ಮ ಬಸ್ ಸ್ಟ್ಯಾಂಡೇ ವಾಸಿ ಕಣೋ, ವಾಪಸ್ ಹೋಗಿಬಿಡೋಣ ಎಂದಳು.

ತಮ್ಮ ಲೋಟ ಕೆಳಗಿಟ್ಟ.

“ಅಕ್ಕಾ, ಮೇಲೆ ಇನ್ನೊಂದು ದಾರಿ ಇದೆ. ಜನ ಇರಲ್ಲ. ನೀರು ಎಲ್ಲಿ ಸಿಗುತ್ತೆ ಅಂತ ನಂಗೆ ಗೊತ್ತು. ಆದ್ರೆ ಕಷ್ಟ ಇದೆ, ಸುಳ್ಳು ಹೇಳಲ್ಲ.”

“ನೀನು ಯಾವಾಗ ನಡೆದಿದ್ದೋ?”

“ಹತ್ತೊಂಬತ್ತು ವರ್ಷ ನಡೆದಿದ್ದೀನಿ. ಹೆಗಲ ಮೇಲೆ ತಂತಿ ಸುರುಳಿ ಹೊತ್ಕೊಂಡು.”

ಆಗ ಅವಳಿಗೆ ತಿಳಿಯಿತು. ಹಿಂದೆ ಬೆಟ್ಟಸಾಲಿನ ನೆತ್ತಿಯ ಮೇಲೆ ವಿದ್ಯುತ್ ತಂತಿ ಹಾದುಹೋಗಿತ್ತು. ಗಾಳಿಗೆ ಕಂಬ ಬಿದ್ದಾಗಲೆಲ್ಲ ಲೈನ್‌ಮನ್‌ಗಳು ಹತ್ತಿ ಹೋಗುತ್ತಿದ್ದರು. ಒಂಬತ್ತು ವರ್ಷದ ಹಿಂದೆ ಕೇಬಲ್ಲನ್ನು ಕಣಿವೆಯ ನೆಲದೊಳಗೆ ಹೂಳಿ, ಮೇಲಿನ ಕಂಬಗಳನ್ನು ಕಿತ್ತರು. ತಮ್ಮನನ್ನು ಫೋನಿನ ಮುಂದೆ ಕೂರಿಸಿದರು. ಅಷ್ಟು ವರ್ಷ ಅವನು ಮನೆಯಲ್ಲಿ ಹೇಳುತ್ತಿದ್ದದ್ದು ‘ಕೆಲಸಕ್ಕೆ ಹೋಗಿಬರ್ತೀನಿ’ ಎಂಬಷ್ಟೇ.

ಯಾವ ಕಡೆ ಹೊರಟಿದ್ದೇವೆಂದು ತಂಗುಮನೆಯವರಿಗೆ ತಿಳಿಸಿ ಇಬ್ಬರೂ ಮೇಲಕ್ಕೆ ತಿರುಗಿದರು. ದಾರಿ ಎನ್ನುವಂಥದ್ದೇನೂ ಇರಲಿಲ್ಲ. ಕಿತ್ತ ಕಂಬದ ಕಾಂಕ್ರೀಟ್ ಬುಡ ಒಂದು ಸಿಕ್ಕಿದರೆ ತಮ್ಮ ಅಲ್ಲಿಂದ ಕಣ್ಣು ಹಾಯಿಸಿ ಮುಂದಿನದನ್ನು ಹುಡುಕುತ್ತಿದ್ದ. ಒಂದು ಬಂಡೆಯ ಬುಡದಲ್ಲಿ ಹುಲ್ಲು ಸರಿಸಿ ಬೆರಳು ತೂರಿಸಿದ, ನೀರು ಒಸರಿತು. ಕಚೇರಿಯಲ್ಲಿ ಕುರ್ಚಿಯೊಳಗೆ ಕುಸಿದು ಕೂರುವ ಮನುಷ್ಯ ಇವನೇನಾ ಎಂದು ಅಕ್ಕ ನೋಡುತ್ತಲೇ ಇದ್ದಳು. ಸಂಜೆಗೆ ಲೈನ್‌ಮನ್‌ಗಳ ಹಳೆಯ ತಗಡಿನ ಕೋಣೆ ಸಿಕ್ಕಿತು. ಬಾಗಿಲಿಗೆ ಒಂದೇ ಕೀಲು ಉಳಿದಿತ್ತಾದರೂ ಚಾವಣಿ ಗಟ್ಟಿಯಾಗಿತ್ತು. ಹೊಸ್ತಿಲ ಮೇಲೆ ಕೂತು ಬ್ರೆಡ್ಡು, ಬೇಯಿಸಿದ ಮೊಟ್ಟೆ ತಿಂದರು. ಬೆಟ್ಟದ ಹಿಂದೆ ಬೆಟ್ಟ, ಏಳು ಸಾಲು ಎಣಿಸಿದಳು. ಎದುರಿಗೆ ಯಾರ ಬೆನ್ನೂ ಇರಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ತಮ್ಮ ಗಕ್ಕನೆ ನಿಂತ. ಮುಂದಿನ ಇಳಿಜಾರು ಪೂರ್ತಿ ಕುಸಿದುಹೋಗಿತ್ತು. ಅವನು ಬಲ್ಲ ದಾರಿ ಇದ್ದ ಕಡೆ ಬರೀ ಜಲ್ಲಿ, ಕೆಳಗೆ ಕಣಿವೆ. ಒಂದು ಕಲ್ಲೆಸೆದ, ಅದು ಹತ್ತು ಕಲ್ಲನ್ನು ಎಳೆದುಕೊಂಡು ಉರುಳಿತು. ಇದು ನಾನಿದ್ದಾಗ ಇರಲಿಲ್ಲ, ತಪ್ಪು ನನ್ನದೇ, ವಾಪಸ್ ಹೋಗೋಣ ಎಂದ.

ಅಕ್ಕ ಚೀಲ ಇಳಿಸಿ ಕೂತಳು. ಅರ್ಧ ಗಂಟೆ ಆ ಇಳಿಜಾರನ್ನು ನೋಡಿದಳು, ರಿಪೇರಿಗೆ ಬಂದ ಡೇರೆಯನ್ನು ನೋಡುವ ಹಾಗೆ.

“ಹರಿದಿರೋ ಕಡೆ ಸೂಜಿ ಹಾಕಿದ್ರೆ ಇನ್ನೂ ಹರಿಯುತ್ತೆ. ಗಟ್ಟಿ ಬಟ್ಟೆ ಎಲ್ಲಿಂದ ಶುರು ಅಂತ ನೋಡ್ಬೇಕು. ಅಲ್ಲಿ ನೋಡು, ಮೇಲೆ ಬಂಡೆಗೋಡೆ ಬುಡದಲ್ಲಿ ಗಿಡ ಇದಾವೆ. ಕಾಂಡ ನನ್ನ ತೋಳಷ್ಟು ದಪ್ಪ ಇದೆ. ಕುಸಿದ ಮೇಲೆ ಹುಟ್ಟಿದ ಗಿಡ ಅಲ್ಲ ಅವು.”

“ಅಷ್ಟು ಮೇಲೆ ಹತ್ತೋಕಾಗುತ್ತಾ ಅಕ್ಕಾ?”

“ಹತ್ತಿ ನೋಡ್ತೀನಿ. ಆಗಲಿಲ್ಲ ಅಂದ್ರೆ ನೀನು ಹೇಳಿದ ಹಾಗೆ ವಾಪಸ್.”

ಅವಳೇ ಮುಂದಾದಳು. ಹತ್ತುವುದಕ್ಕೇ ಒಂದು ಗಂಟೆ ಹಿಡಿಯಿತು. ಬಂಡೆಗೋಡೆಯ ಬುಡದಲ್ಲಿ ಒಂದೂವರೆ ಅಡಿ ಅಗಲದ ನೆಲ ಅಲುಗದೆ ಉಳಿದಿತ್ತು. ಎಡಗೈ ಬಂಡೆಯ ಮೇಲಿಟ್ಟು, ಒಂದೊಂದು ಹೆಜ್ಜೆಗೂ ಕೋಲಿನಿಂದ ನೆಲ ಕುಟ್ಟಿ ನೋಡಿ, ಆಮೇಲೆ ಭಾರ ಬಿಟ್ಟಳು. ನಡುವೆ ಒಮ್ಮೆ ಕಾಲಡಿಯ ಕಲ್ಲು ಜಾರಿತು. ಗಿಡದ ಕಾಂಡ ಹಿಡಿದು ನಿಂತು, ಉಸಿರು ಸಮವಾಗುವವರೆಗೆ ಕಾದು, ಮತ್ತೆ ನಡೆದಳು. ಆಚೆ ತಲುಪಿದ ಮೇಲೆ ತಮ್ಮನಿಗೆ ಪ್ರತಿ ಹೆಜ್ಜೆಯನ್ನೂ ಕೂಗಿ ಹೇಳಿದಳು. ಅವನು ಹಾಗೆಯೇ ಬಂದ. ಬಂದವನು ಅವಳ ಪಕ್ಕ ಕೂತು ಬಹಳ ಹೊತ್ತು ಬೂಟಿನ ಲೇಸು ಕಟ್ಟುತ್ತಲೇ ಇದ್ದ. ಕಣ್ಣೊರೆಸಿಕೊಳ್ಳುತ್ತಿದ್ದಾನೆಂದು ಅವಳಿಗೆ ಗೊತ್ತಾಯಿತು, ನೋಡದವಳಂತೆ ಇದ್ದಳು.

ಏಳನೆಯ ದಿನ ಅವರು ಇಳಿದದ್ದು ಕಾಲುದಾರಿ ಮುಗಿಯುವ ತಂಗುಮನೆಯ ಹಿತ್ತಲಿಗೆ. ಮುಂಬಾಗಿಲಲ್ಲಿ ಎಂದಿನ ಸಾಲಿತ್ತು. ಪುಸ್ತಕದಲ್ಲಿ ಹೆಸರು ಬರೆದುಕೊಳ್ಳುತ್ತಿದ್ದ ಮೇಲ್ವಿಚಾರಕ ಪ್ರತಿ ತಂಗುಮನೆಯಲ್ಲೂ ಮುದ್ರೆ ಹಾಕಿಸಬೇಕಾದ ಅವರ ಕಾರ್ಡಿನಲ್ಲಿ ಒಂದೇ ಮುದ್ರೆ ಕಂಡು, ನಡುವಿನ ನಾಲ್ಕು ತಂಗುಮನೆಗಳ ಮುದ್ರೆ ಎಲ್ಲಿ ಎಂದು ಕೇಳಿದ. ಮುದ್ರೆಯಿಲ್ಲದೆ ಪೂರ್ತಿ ನಡೆದವರ ಪಟ್ಟಿಗೆ ಸೇರಿಸುವಂತಿಲ್ಲ ಎಂದ. ಹೋಗಲಿ ಬಿಡಿ ಎಂದು ಅಕ್ಕ ಹೊರಟೇಬಿಟ್ಟಿದ್ದಳು. ಆದರೆ ತಮ್ಮ ಮೇಜಿನ ಮುಂದಿನಿಂದ ಕದಲಲಿಲ್ಲ. ಪೆನ್ನು ಇಸಿದುಕೊಂಡು, ಮುದ್ರೆಯ ಕಾರ್ಡಿನ ಹಿಂಬದಿಯಲ್ಲಿ ಕಂಬದ ಬುಡಗಳು, ನೀರಿನ ಜಾಗಗಳು, ತಗಡಿನ ಕೋಣೆಗಳು, ಕುಸಿದ ಇಳಿಜಾರು ಎಲ್ಲವನ್ನೂ ಗುರುತಿಸಿ ನಕ್ಷೆ ಬರೆದ. ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಬಗ್ಗಿ ನೋಡತೊಡಗಿದರು.

“ಇಲ್ಲಿಯವರೆಗೆ ದಾರಿ ತೋರಿಸಿದ್ದು ನಾನು,” ಎಂದು ಕುಸಿತದ ಮೇಲೆ ಬೆರಳಿಟ್ಟ. “ಇಲ್ಲಿಂದ ಮುಂದೆ ದಾರಿ ಹುಡುಕಿದ್ದು ನಮ್ಮಕ್ಕ. ಈ ದಾರಿ ನಡೆದವರ ಪಟ್ಟಿ ಇದ್ರೆ ಅದರಲ್ಲಿ ಅವಳ ಹೆಸರು ಮೊದಲು ಬರೀರಿ.”

ಅಷ್ಟು ಮಾತನ್ನು ಅವನು ಒಟ್ಟಿಗೆ ಆಡಿದ್ದನ್ನು ಅಕ್ಕ ಕೇಳಿಯೇ ಇರಲಿಲ್ಲ. ಮೇಲ್ವಿಚಾರಕ ಪುಸ್ತಕದ ಕೊನೆಯ ಖಾಲಿ ಹಾಳೆ ತೆಗೆದು, ಅವಳನ್ನೇ ಕರೆದು ಬರೆಸಿದ. ಸೂಜಿ ಹಿಡಿದು ಒರಟಾದ ಬೆರಳುಗಳಿಂದ ಅವಳು ತನ್ನ ಹೆಸರನ್ನು ದೊಡ್ಡದಾಗಿ ಬರೆದಳು, ಕೆಳಗೆ ತಮ್ಮನದನ್ನು.

ಮುಂದಿನ ವರ್ಷ ಸರ್ವೆಯವರು ತಂಗುಮನೆಯಲ್ಲಿ ಸಿಕ್ಕ ಆ ನಕ್ಷೆ ಹಿಡಿದು ಬಂದರು. ಜನಜಂಗುಳಿ ತಗ್ಗಿಸಲು ಮೇಲಿನ ದಾರಿಯನ್ನೂ ತೆರೆಯುವ ಯೋಚನೆ ಅವರದು. ಕುಸಿದ ಜಾಗದಲ್ಲಿ ಹಗ್ಗ ಎಲ್ಲಿ ಕಟ್ಟಬೇಕೆಂದು ತಮ್ಮನನ್ನು ಕೇಳಿದರೆ, ಅದು ನನ್ನ ಲೆಕ್ಕಕ್ಕೆ ಬರಲ್ಲ, ಅಕ್ಕನನ್ನೇ ಕೇಳಿ ಎಂದ. ಅವಳು ಕೈಯಲ್ಲಿದ್ದ ಚೀಲದ ಹೊಲಿಗೆ ಮುಗಿಸಿ, ದಾರ ಕಡಿದು, ಬೂಟು ಹಾಕಿಕೊಂಡಳು. ಆ ಸಲ ಬೆಟ್ಟ ಹತ್ತುವಾಗ ಎಲ್ಲರಿಗಿಂತ ಮುಂದೆ ಅವಳಿದ್ದಳು. ನಾಲ್ಕು ಜನ ಸರ್ವೆಯವರು, ಅವರ ಹಿಂದೆ ತಮ್ಮ.