ಪೇಪರ್‌ವೇಟ್ ಆಗಿದ್ದ ಲೆನ್ಸ್

ನನ್ನ ಗಂಡ ಪುರುಷೋತ್ತಮರು ಕ್ಯಾಮೆರಾ ಹಿಡಿದರೆ ದೊಡ್ಡ ಫೋಟೋಗ್ರಾಫರ್, ಹಿಡಿಯದಿದ್ದರೆ ಇನ್ನೂ ದೊಡ್ಡ ಫೋಟೋಗ್ರಾಫರ್. ಬೋವಿಕಾನದ ನಮ್ಮ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯುವುದು ನಾನು, ಕತ್ತರಿಸುವುದು ನಾನು, ಕವರಿಗೆ ಹಾಕುವುದೂ ನಾನು. ಇವರು ಹೊರಗಿನ ಬೆಂಚಿನಲ್ಲಿ ಗೆಳೆಯ ಜಿತೇಂದ್ರನ ಜೊತೆ ಕೂತು ಲೆನ್ಸಿನ ಬಗ್ಗೆ ಮಾತಾಡುತ್ತಾರೆ. ಜಿತೇಂದ್ರ ಜೀವಮಾನದಲ್ಲಿ ತೆಗೆದದ್ದು ಅವನ ನಾಯಿಯ ಫೋಟೋ ಒಂದೇ, ಅದೂ ಅಲುಗಾಡಿದ್ದು. ಆದರೆ ಯೂಟ್ಯೂಬ್ ನೋಡಿ ನೋಡಿ ಅವನಿಗೆ ಎಲ್ಲ ಲೆನ್ಸುಗಳ ಜಾತಕ ಬಾಯಿಪಾಠ.

ಮದುವೆಗಳಿಗೆ ಹೋದರೆ ನನಗಿರುವುದು ಫ್ಲ್ಯಾಶ್ ಹಿಡಿದು ನಿಲ್ಲುವ ಕೆಲಸ. ಹದಿನೆಂಟು ವರ್ಷ ಹಿಡಿದಿದ್ದೇನೆ. ಇನ್ನೂ ಎತ್ತರ ಹಿಡಿ, ಸ್ವಲ್ಪ ಆಚೆ ಹೋಗು ಎನ್ನುವುದು ಬಿಟ್ಟರೆ ಆ ಹೊತ್ತಿನಲ್ಲಿ ಇವರು ನನ್ನೊಡನೆ ಬೇರೆ ಮಾತಾಡಿದ್ದು ನೆನಪಿಲ್ಲ. ಬೆಳಕು ಎಲ್ಲಿಂದ ಬಿದ್ದರೆ ಅಜ್ಜಿಯ ಮುಖ ಮೃದುವಾಗುತ್ತದೆ, ಯಾವ ಗೋಡೆಗೆ ಹೊಡೆದರೆ ಮದುಮಗಳ ಕೆನ್ನೆ ಹಸಿರಾಗುತ್ತದೆ ಎಂಬುದೆಲ್ಲ ನನ್ನ ಕೈಗೆ ಗೊತ್ತಾದದ್ದು ಹಾಗೆ. ಗೊತ್ತುಂಟು ಎಂದರೆ ಕೇಳುವವರು ಯಾರು?

ಕಳೆದ ವರ್ಷ ಮಿರರ್‌ಲೆಸ್ ಕ್ಯಾಮೆರಾ ಬಂತು. ಅದರ ಜೊತೆ ಬಂದ ಸಣ್ಣ ಲೆನ್ಸನ್ನು ಇವರು ಒಮ್ಮೆ ತಿರುಗಿಸಿ ನೋಡಿ, ಮಕ್ಕಳಾಟದ ಸಾಮಾನು ಎಂದು ಫೋಟೋ ಕವರುಗಳ ಮೇಲೆ ಪೇಪರ್‌ವೇಟ್ ಮಾಡಿ ಇಟ್ಟರು. ಆಮೇಲೆ ಶುರುವಾಯಿತು ಎಂಬತ್ತೈದು ಎಂ.ಎಂ. ಲೆನ್ಸಿನ ಜಪ. ದೂರದ ಮುಖ ಹತ್ತಿರ ಬರುತ್ತದಂತೆ, ಹಿಂದಿನದ್ದೆಲ್ಲ ಬೆಣ್ಣೆಯ ಹಾಗೆ ಬ್ಲರ್ ಆಗುತ್ತದಂತೆ, ಕತ್ತಲೆಯಲ್ಲೂ ಬೆಳಕು ಸಾಕಾಗುತ್ತದಂತೆ, ಇನ್ನು ಫ್ಲ್ಯಾಶೇ ಬೇಡವಂತೆ. ನಾನು ಕೇಳಿದ್ದು ಒಂದು ಹೊಸ ಫ್ಲ್ಯಾಶ್, ಅದನ್ನು ದೂರದಿಂದ ಹೊಡೆಸಲು ಒಂದು ಟ್ರಿಗರ್, ನಿಲ್ಲಿಸಲು ಒಂದು ಸ್ಟ್ಯಾಂಡ್. ಸ್ಟ್ಯಾಂಡ್ ಇದ್ದರೆ ನನ್ನ ಕೈ ಬಿಡುವಾಗುತ್ತಿತ್ತು. ಆ ಕೈಯಲ್ಲಿ ಒಮ್ಮೆಯಾದರೂ ಮದುವೆಮನೆಯಲ್ಲಿ ಕ್ಯಾಮೆರಾ ಹಿಡಿಯಬೇಕೆಂಬುದು ನನ್ನ ಆಸೆ.

"ಸ್ಟ್ಯಾಂಡ್ ಎಂತಕ್ಕೆ? ನೀನು ಇದ್ದೀಯಲ್ಲ" ಎಂದು ಇವರು ನಕ್ಕರು. ಜಿತೇಂದ್ರನೂ ನಕ್ಕ. ಅವನಿಗೆ ಅಂದು ಚಾ ಕೊಡಲಿಲ್ಲ.

ಅದೇ ವಾರ ಪೇಟೆಯಾಚೆಯ ಬೀಫಾತಿಮ ಫೋನ್ ಮಾಡಿದರು. ಮಗಳ ಮೈಲಾಂಜಿ, ಶನಿವಾರ ಮಧ್ಯಾಹ್ನ. ಮದುಮಗಳ ಕೈಗೆ ಮದರಂಗಿ ಹಚ್ಚುವ ಆ ಕೋಣೆಯೊಳಗೆ ಗಂಡಸರು ಕಾಲಿಡುವಂತಿಲ್ಲ, ತೆಗೆದ ಫೋಟೋವನ್ನೂ ಹೊರಗಿನ ಗಂಡಸರು ನೋಡುವಂತಿಲ್ಲ. ನನ್ನನ್ನು ಯಾವುದೋ ಮದುವೆಯಲ್ಲಿ ನೋಡಿದ್ದರಂತೆ. ಫ್ಲ್ಯಾಶ್ ಹಿಡಿಯುವ ಅಕ್ಕನೇ ಬಂದು ಫೋಟೋ ತೆಗೆಯಬೇಕು ಎಂದರು.

ಇವರಿಗೆ ಹೇಳಲು ಹೋದೆ. ಶನಿವಾರ ಬೀಫಾತಿಮರ ಮನೆಯಲ್ಲಿ ಪ್ರೋಗ್ರಾಂ ಉಂಟು ಎನ್ನುವಷ್ಟರಲ್ಲಿ ಇವರು ಕೈಯೆತ್ತಿ ತಡೆದರು, ಉಳಿದದ್ದನ್ನು ತಾನು ನೋಡಿಕೊಳ್ಳುತ್ತೇನೆ ಎಂದರು. ನೋಡಿಕೊಳ್ಳಲಿ ಎಂದು ಸುಮ್ಮನಾದೆ. ಎರಡನೆಯ ಸಲ ಹೇಳಬಹುದಿತ್ತು, ಹೇಳಲಿಲ್ಲ. ಅದಕ್ಕಾಗಿ ನನಗೆ ಬೇಸರವೂ ಇಲ್ಲ.

ಮರುದಿನ ಇವರು ಜಿತೇಂದ್ರನನ್ನು ಕರೆದುಕೊಂಡು ಮಂಗಳೂರಿಗೆ ಹೋಗಿ, ಹಳೆಯ ಲೆನ್ಸುಗಳನ್ನೆಲ್ಲ ಕೊಟ್ಟು ಎಂಬತ್ತೈದನ್ನು ತಂದರು. ಇದ್ದ ಎರಡು ಫ್ಲ್ಯಾಶನ್ನೂ ಕೊಡಲೆಂದು ಚೀಲಕ್ಕೆ ತುಂಬಿದ್ದರು. ಒಂದನ್ನು ನಾನು ತೆಗೆದು ಅಕ್ಕಿಡಬ್ಬದಲ್ಲಿ ಅಡಗಿಸಿದ್ದೆ. ಎಣಿಸಿ ನೋಡುವ ಅಭ್ಯಾಸ ಇವರಿಗಿಲ್ಲ. ಪೇಪರ್‌ವೇಟ್ ಮಾತ್ರ ಇದ್ದಲ್ಲೇ ಇತ್ತು.

ಶನಿವಾರ ಇವರು ಬಿಳಿ ಶರ್ಟು ಹಾಕಿ, ಕೊರಳಿಗೆ ಆ ಲೆನ್ಸಿನ ಕ್ಯಾಮೆರಾ ತೂಗಿಸಿಕೊಂಡು ಬೀಫಾತಿಮರ ಅಂಗಳಕ್ಕೆ ಇಳಿದರು, ಬ್ಯಾಗು ಹೊತ್ತು ಹಿಂದೆ ನಾನು. ಬೀಫಾತಿಮ ಹೊರಗೆ ಬಂದು ನನ್ನ ಕೈ ಹಿಡಿದರು. ಇವರು ಹಿಂದೆಯೇ ಹೊರಟದ್ದನ್ನು ನೋಡಿ ಬಾಗಿಲಲ್ಲಿ ನಿಂತರು.

"ಅಣ್ಣ, ಗಂಡಸರಿಗೆ ಚಾ ಆಚೆ ಉಂಟು. ನಾವು ಕರೆದದ್ದು ಅಕ್ಕನನ್ನು."

ಇವರು ನನ್ನ ಮುಖ ನೋಡಿದರು. ನಾನು ಕೈ ಚಾಚಿ ಕ್ಯಾಮೆರಾ ಕೇಳಿದೆ. ಕೊಡದೆ ಬೇರೆ ದಾರಿ ಇರಲಿಲ್ಲ, ಅಲ್ಲಿ ಹತ್ತು ಗಂಡಸರು ನೋಡುತ್ತಿದ್ದರು. ಎಂಬತ್ತೈದನ್ನು ಬಿಚ್ಚಿ ಇವರ ಕೈಗೆ ಕೊಟ್ಟು, ಬ್ಯಾಗಿನಲ್ಲಿ ಅಡಗಿಸಿ ತಂದಿದ್ದ ಪೇಪರ್‌ವೇಟ್ ತೆಗೆದು ಹಾಕಿಕೊಂಡೆ. ಮೇಲೆ ಅಕ್ಕಿಡಬ್ಬದ ಫ್ಲ್ಯಾಶ್ ಸಿಕ್ಕಿಸಿದೆ. ಅದರ ಸಂದಿನಲ್ಲಿ ಇನ್ನೂ ಅಕ್ಕಿಯ ಹುಡಿ ಇತ್ತು.

ಕೋಣೆ ಹತ್ತಡಿ ಅಗಲ, ಒಳಗೆ ನಲವತ್ತು ಹೆಂಗಸರು. ಎಂಬತ್ತೈದು ಇದ್ದಿದ್ದರೆ ಒಂದು ಮೂಗು, ಒಂದು ಕಿವಿ ತೆಗೆದು ಬರಬೇಕಿತ್ತು. ಮಕ್ಕಳಾಟದ ಸಾಮಾನಿನೊಳಗೆ ಇಡೀ ಕೋಣೆ ಹಿಡಿಯಿತು. ಗೋಡೆಗೆ ಗಿಳಿಹಸಿರು ಪೈಂಟ್, ತಲೆಮೇಲಿನ ಮಾಡಿನ ಸಿಮೆಂಟು ಮಾತ್ರ ಬಿಳಿ. ಫ್ಲ್ಯಾಶಿನ ತಲೆಯನ್ನು ಮೇಲಕ್ಕೆ ತಿರುಗಿಸಿದೆ. ಬೆಳಕು ಮಾಡಿಗೆ ತಾಗಿ ಎಲ್ಲರ ಮೇಲೂ ಮೆಲ್ಲಗೆ ಇಳಿಯಿತು. ಮೂರು ಗಂಟೆ ನನಗೆ ಯಾರೂ ಎತ್ತರ ಹಿಡಿ ಎನ್ನಲಿಲ್ಲ. ನಾನು ಅಷ್ಟು ಖುಷಿಯಾಗಿದ್ದ ಇನ್ನೊಂದು ದಿನವನ್ನು ಹುಡುಕಿ ಹೇಳಬೇಕು.

ಹೊರಗೆ ಬಂದಾಗ ಇವರು ಪ್ಲಾಸ್ಟಿಕ್ ಕುರ್ಚಿಯಲ್ಲಿ, ಮಡಿಲಲ್ಲಿ ಲೆನ್ಸ್ ಇಟ್ಟುಕೊಂಡು ಕೂತಿದ್ದರು. ಪಕ್ಕದ ಮುದುಕರು ಅದು ಎಂತದ್ದು ಎಂದು ಕೇಳುತ್ತಿದ್ದರು.

ಮರುದಿನ ಸ್ಟುಡಿಯೋದ ಒಳಕೋಣೆಯ ಚಿಲಕ ಹಾಕಿ ಕಂಪ್ಯೂಟರಿನ ಎದುರು ಕೂತೆ. ಇವರು ಬಾಗಿಲು ತಟ್ಟಿದರು.

"ಒಂದೇ ಒಂದು ತೋರಿಸು. ಲೈಟ್ ಹೇಗೆ ಬಿದ್ದಿದೆ ಅಂತ ನೋಡಿ ಹೇಳ್ತೇನೆ."

"ಗಂಡಸರಿಗೆ ತೋರಿಸಲಿಕ್ಕಿಲ್ಲ. ಮಾತು ಕೊಟ್ಟಿದ್ದೇನೆ."

ಆಗ ನನ್ನೆದುರು ಇದ್ದದ್ದು ಬೀಫಾತಿಮರ ತಾಯಿಯ ಫೋಟೋ. ಮೊಮ್ಮಗಳ ಅಂಗೈಯನ್ನು ಕಣ್ಣಿನ ಹತ್ತಿರ ಹಿಡಿದು ನಗುತ್ತಿದ್ದರು. ಹಿಂದೆ ಕೂತ ಹೆಂಗಸರು ಒಬ್ಬರೂ ಮಸುಕಾಗಿರಲಿಲ್ಲ. ಅಂಥ ಫೋಟೋ ಇವರು ಹದಿನೆಂಟು ವರ್ಷದಲ್ಲಿ ತೆಗೆದಿಲ್ಲ. ಇವರು ನೋಡಬೇಕಿತ್ತು ಎನಿಸಿತು. ನೋಡಿ ಅರ್ಥಮಾಡಿಕೊಳ್ಳುವ ಮನುಷ್ಯ ಈ ಊರಲ್ಲಿ ಇವರೊಬ್ಬರೇ, ಅದೂ ನನ್ನ ಹಣೆಬರಹ.

ಇವರು ಹೊರಗೆ ಸ್ಟೂಲು ಎಳೆದು ಬಾಗಿಲ ಬಳಿ ಕೂತದ್ದು ಕೇಳಿಸಿತು. ಆಮೇಲೆ, ನಾನು ಅಂದು ಕೇಳಿದ ಫ್ಲ್ಯಾಶ್ ಯಾವುದು ಎಂದು ಕೇಳಿದರು. ಹೆಸರು ಹೇಳಿದೆ. ಟ್ರಿಗರ್ ಮತ್ತು ಸ್ಟ್ಯಾಂಡ್ ಮರೆಯಬೇಡಿ ಎಂದೂ ಹೇಳಿದೆ.

"ಸ್ಟ್ಯಾಂಡ್ ಎಂತಕ್ಕೆ? ಇನ್ನು ನಾನು ಹಿಡೀತೇನೆ" ಎಂದರು, ಸಣ್ಣ ಸ್ವರದಲ್ಲಿ.

"ಸ್ಟ್ಯಾಂಡನ್ನಾದರೆ ಹೆಂಗಸರ ಕೋಣೆಯೊಳಗೆ ಬಿಡ್ತಾರೆ" ಎಂದು ಹೇಳಿ ನಾನು ಮುಂದಿನ ಫೋಟೋ ತೆರೆದೆ.