ಶಿವಲಿಂಗಪ್ಪ ನಡುದಾರಿಯಲ್ಲಿ ಕೂರುತ್ತಿದ್ದುದೇಕೆ

ಮುಂಡಗೋಡದ ಹತ್ತಿರದ ಇಂದೂರು ಎಂಬ ಹಳ್ಳಿಯ ಹೊಳೆವ್ವನಿಗೆ ಗಂಡನ ಮೇಲೆ ಅನುಮಾನ ಹುಟ್ಟಿ ತಿಂಗಳಾಗಿತ್ತು. ಹೊಲಕ್ಕೆ ಹೊರಟ ಶಿವಲಿಂಗಪ್ಪ ದಿನಾ ಆಶಾ ಕಾರ್ಯಕರ್ತೆ ಗಿರಿಜಾಬಾಯಿಯ ಮನೆಯ ಕಟ್ಟೆಯ ಮೇಲೆ ಕೂರುತ್ತಿದ್ದ. ಒಂದು ಬೀಡಿ ಸೇದಿ ಮುಂದೆ ಹೋಗುತ್ತಿದ್ದ. ಕೇಳಿದರೆ, "ಸುಮ್ನ ಕುಂತಿದ್ದೆ" ಎನ್ನುತ್ತಿದ್ದ. ಇಷ್ಟು ವರ್ಷ ಎಲ್ಲೂ ಕೂರದೆ ಹೊಲ ಮುಟ್ಟುತ್ತಿದ್ದವನಿಗೆ ಈಗ ಆ ಕಟ್ಟೆಯೇ ಯಾಕೆ ಬೇಕು?

ಒಂದು ಬೆಳಿಗ್ಗೆ ಅವಳೂ ಹಿಂದೆಯೇ ಹೋಗಿ ಗೋಡೆಯ ಮರೆಯಲ್ಲಿ ನಿಂತಳು. ಗಂಡನ ದನಿ ಕೇಳಿಸಿತು.

"ನಮ್ಮಾಕಿಗೆ ಮಾತ್ರ ಹೇಳಬ್ಯಾಡವಾ."

"ಎಷ್ಟ ದಿನ ಮುಚ್ಚಿಡ್ತೀರಿ ಅಣ್ಣಾರ?" ಎಂದಳು ಗಿರಿಜಾಬಾಯಿ.

ಗಂಡ ಎದ್ದು ಹೋದದ್ದೇ ತಡ, ಹೊಳೆವ್ವ ಒಳಗೆ ನುಗ್ಗಿದಳು.

"ನಿಮ್ಮಿಬ್ಬರದು ಏನ ಗುಟ್ಟೈತಿ, ಹೇಳ ನನಗ."

"ಕುಂದರ್ರಿ ಅಕ್ಕಾರ. ಅಣ್ಣಾರ ಎಡಗಾಲಿನ ಮೀನಖಂಡ ಹಿಡಕೊಳ್ಳತೈತಿ. ಇಲ್ಲಿ ಮಟ ಬರೂದ್ರಾಗ ಕಾಲು ಎತ್ತಿಡಾಕ ಆಗಂಗಿಲ್ಲ. ಕುಂತರ ಬಿಡತೈತಿ, ನಡದರ ಮತ್ತ ಹಿಡೀತೈತಿ. ಕಾಲಿಗೆ ಹೋಗೂ ರಕ್ತನಾಳ ಕಟಗೊಂಡಿರಬೇಕು. ದವಾಖಾನಿಗೆ ಹೋಗ್ರಿ ಅಂದ್ರ ಒಲ್ಲೆ ಅಂತಾರ."

ಹೊಳೆವ್ವ ನಂಬಲಿಲ್ಲ. "ವಯಸ್ಸಾತು, ಕಾಲು ನೋಯ್ತಾವ. ದವಾಖಾನಿಗೆ ಕಳಿಸಿದ್ರ ನಿನಗೇನರ ಸಿಗತೈತೇನು?"

"ನನ್ನ ಮಾತು ನಂಬಬ್ಯಾಡ್ರಿ. ಅವರ ಎರಡೂ ಪಾದ ಮುಟ್ಟಿ ನೋಡ್ರಿ."

ಮಧ್ಯಾಹ್ನ ಗಂಡ ಉಂಡು ಅಡ್ಡಾದಾಗ ಹೊಳೆವ್ವ ಮುಟ್ಟಿ ನೋಡಿದಳು. ಬಲಪಾದ ಬೆಚ್ಚಗಿತ್ತು. ಎಡಪಾದ ತಣ್ಣಗಿತ್ತು. ಆ ಕಾಲಿನ ಕೂದಲು ಉದುರಿ ಚರ್ಮ ಮಿರುಗುತ್ತಿತ್ತು. ಹೆಬ್ಬೆರಳಿನ ಹತ್ತಿರ ಹುಣ್ಣೊಂದಿತ್ತು, ಮೇಲೆ ಅರಿಶಿನ ಮೆತ್ತಿತ್ತು.

"ಇದು ಯಾವಾಗಿಂದು?"

"ಒಂದೂವರಿ ತಿಂಗಳಾತು, ಮಾಯವಲ್ದು." ಶಿವಲಿಂಗಪ್ಪ ಮುಖ ತಿರುಗಿಸಿದ. "ದವಾಖಾನಿಗೆ ಹೋದ್ರ ಕಾಲು ತಗೀತಾರ. ನಮ್ಮ ಓಣಿ ಮಲ್ಲೇಶಂದು ತಗದ್ರಲ್ಲ."

"ಮಲ್ಲೇಶ ಹೋಗೂದ್ರಾಗ ಬೆರಳು ಕರ್ರಗಾಗಿದ್ದುವು. ನೀವು ಈಗ ಏಳ್ರಿ."

ಮುಂಡಗೋಡದ ಆಸ್ಪತ್ರೆಯಲ್ಲಿ ಡಾಕ್ಟರು ತೋಳಿನ ಜೊತೆ ಕಾಲಿನ ಬಿಪಿಯನ್ನೂ ನೋಡಿದರು. ಎಡಗಾಲಿನದು ತೀರಾ ಕಡಿಮೆ ಇತ್ತು; ಆ ಕಾಲಿಗೆ ರಕ್ತ ಸರಿಯಾಗಿ ಹೋಗುತ್ತಿರಲಿಲ್ಲ. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಕಾಯಿಲೆಯೂ ಗೊತ್ತಾಯಿತು.

"ಬೀಡಿ ಇವತ್ತ ಬಿಡ್ರಿ" ಎಂದರು ಡಾಕ್ಟರು.

"ಬೀಡಿಗೂ ಕಾಲಿಗೂ ಏನ್ರಿ ಸಂಬಂಧ?" ಶಿವಲಿಂಗಪ್ಪನಿಗೆ ಆಗಲೂ ಸಂಶಯ.

"ಹೊಗಿ ರಕ್ತದಾಗ ಇಳದು ನಾಳಾನ ಒಳಗಿಂದ ಕೆಡಸತೈತ್ರಿ. ನಾವು ನಾಳ ಬಿಡಿಸಿದ್ರೂ ನೀವು ಸೇದಿದ್ರ ಮತ್ತ ಕಟಗೊಳ್ಳತೈತಿ."

ಅವನು ಅರ್ಧ ಖಾಲಿಯಾಗಿದ್ದ ಬೀಡಿ ಕಟ್ಟನ್ನು ತೆಗೆದು ಹೆಂಡತಿಯ ಕೈಗೆ ಕೊಟ್ಟ. ಡಾಕ್ಟರು ಅವನನ್ನು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಸ್ಕ್ಯಾನ್ ಮಾಡಿ, ನಾಳದೊಳಗೆ ಪುಟ್ಟ ಬಲೂನು ತೂರಿಸಿ ಉಬ್ಬಿಸಿ ಅದನ್ನು ಅಗಲ ಮಾಡಿದರು. ಕಾಲು ಉಳಿಯಿತು. ಹುಣ್ಣು ಮೂರು ತಿಂಗಳಿಗೆ ಮಾಯಿತು.

ಹೊಳೆವ್ವ ಗಿರಿಜಾಬಾಯಿಯ ಕೈ ಹಿಡಿದುಕೊಂಡು, "ನಿನ್ನ ಬಗ್ಗೆ ಏನೇನೋ ಅಂದ್ಕೊಂಡಿದ್ದೆ ಯವ್ವಾ" ಎಂದಳು.

"ಗೊತ್ತಿತ್ರಿ" ಎಂದು ಅವಳು ನಕ್ಕಳು.

ನಿಮ್ಮ ಮನೆಯಲ್ಲೂ ಯಾರಾದರೂ ನಡೆಯುವಾಗ ಕಾಲು ಹಿಡಿದು, ಕೂತರೆ ಸರಿಹೋಗುತ್ತಿದೆಯೇ? ವಯಸ್ಸಾಯಿತೆಂದು ಬಿಡಬೇಡಿ. ಪಾದ ಮುಟ್ಟಿ ನೋಡಿ. ಒಂದು ತಣ್ಣಗಿದ್ದರೆ, ಹುಣ್ಣು ಎರಡು ವಾರವಾದರೂ ಮಾಯದಿದ್ದರೆ ಆಸ್ಪತ್ರೆಗೆ ಕರೆದೊಯ್ಯಿರಿ. ಕಾಲು ಒಮ್ಮೆಲೇ ನೋಯಲು ಹತ್ತಿ ತಣ್ಣಗಾದರೆ ಒಂದು ಗಳಿಗೆಯೂ ತಡ ಮಾಡಬೇಡಿ. ಬೀಡಿ, ತಂಬಾಕು ಬಿಡಿ. ಸಕ್ಕರೆ, ಬಿಪಿ ತೋರಿಸಿಕೊಳ್ಳಿ. ದಿನಾ ನಡೆಯಿರಿ. ಬೆರಳು ಕಪ್ಪಾಗುವವರೆಗೆ ಕಾಯಬೇಡಿ.